ನಾಯಿಗೆ ಊರೆಲ್ಲಾ ಗಂಧದ ಗುಡಿ!

ಕಾಡು. ರಾತ್ರಿ. ಧೋ ಎಂದು ಮಳೆ. ನಾಯಕನ ತಂಗಿಯನ್ನು ಖಳನಾಯಕ ಹೊತ್ತೊಯ್ದಿದ್ದಾನೆ. ನೆಲದ ಮೇಲೆ ಉಳಿದಿರುವುದು ಅವಳ ಕರ್ಚೀಫು ಒಂದೇ. ನಾಯಕ ಅದನ್ನೆತ್ತಿ ಸಾಕುನಾಯಿಯ ಮೂಗಿಗೆ ಹಿಡಿಯುತ್ತಾನೆ. ನಾಯಿ ಒಂದೇ ಒಂದು ಸಲ ಮೂಸುತ್ತದೆ. ಅಷ್ಟೇ! ಬಂಡೆ ಹಾರಿ, ಹಳ್ಳ ಹಾರಿ, ಬೇಲಿ ಹಾರಿ ನೇರವಾಗಿ ಖಳನ ಅಡ್ಡೆಯ ಬಾಗಿಲಿಗೆ! ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ!

ಆ ಶಿಳ್ಳೆಗಳಲ್ಲಿ ಒಂದು ನನ್ನದೂ ಇತ್ತು ಅಂತ ಒಪ್ಪಿಕೊಳ್ಳೋದಕ್ಕೆ ನನಗೇನೂ ನಾಚಿಕೆಯಿಲ್ಲ. ನಾಚಿಕೆಯಾಗಿದ್ದು ಆಮೇಲೆ. ಅದೇ ಕರ್ಚೀಫು ಸೀನನ್ನು ನನ್ನ ಸ್ವಂತ ನಾಯಿಯ ಜೊತೆ ಮೈದಾನದಲ್ಲಿ ಮಾಡಲು ಹೋದಾಗ! ನನ್ನ ಹೀರೋ ಕರ್ಚೀಫನ್ನು ಮೂಸಿದ. ಬಾಯಿಗೆ ಹಾಕಿಕೊಂಡ. ಎರಡು ತುಂಡು ಮಾಡಿದ. ಬಾಲ ಅಲ್ಲಾಡಿಸಿದ. ಕಟ್!

“ಇದೇನಪ್ಪಾ, ಸಿನಿಮಾ ಪತ್ರಿಕೆಯಲ್ಲಿ ನಾಯಿಪಾಠ?” ಎಂದು ಪುಟ ತಿರುವಬೇಡಿ ಮಿತ್ರರೇ. ಬಸ್ಸು ಬರೋದಕ್ಕೆ ಇನ್ನೂ ಹೊತ್ತಿದೆ. ಇದು ನಾಯಿಯ ಕಥೆಯೂ ಹೌದು, ನಮ್ಮ ಕಥೆಯೂ ಹೌದು. ಇದರಲ್ಲಿ ಹೀರೋ ಇದ್ದಾನೆ, ಹಾಸ್ಯವಿದೆ, ಕಣ್ಣೀರೂ ಇದೆ. ವಿಲನ್ ಯಾರು ಅನ್ನೋದು ಮಾತ್ರ ಇಂಟರ್‌ವಲ್ ಆದ ಮೇಲೆ ಗೊತ್ತಾಗುತ್ತೆ.

* * *

ನಾಲ್ಕು ಕಾಲಿನ ತಾರೆಗಳು

ಪರದೆಯ ಮೇಲೆ ನಾಯಿ ಎಂದರೆ ಅದಕ್ಕೊಂದು ಗತ್ತು. ಮೊದಲನೇ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಫ್ರಾನ್ಸಿನ ಯುದ್ಧಭೂಮಿಯಲ್ಲಿ ಅಮೆರಿಕದ ಸೈನಿಕನೊಬ್ಬನಿಗೆ ಸಿಕ್ಕ ಮರಿ ‘ರಿನ್ ಟಿನ್ ಟಿನ್’ ಮುಂದೆ ಹಾಲಿವುಡ್ಡಿನಲ್ಲಿ ದೊಡ್ಡ ಸ್ಟಾರ್ ಆಯಿತು. 1943ರ ‘ಲ್ಯಾಸಿ ಕಮ್ ಹೋಮ್’ ಚಿತ್ರದ ಲ್ಯಾಸಿ ಹೆಣ್ಣುನಾಯಿ. ಆದರೆ ಅಭಿನಯಿಸಿದ್ದು ‘ಪಾಲ್’ ಎಂಬ ಗಂಡುನಾಯಿ! ನಮ್ಮ ನಾಟಕ ಕಂಪೆನಿಗಳ ಸ್ತ್ರೀ ಪಾತ್ರಧಾರಿಗಳು ನೆನಪಾಗುತ್ತಾರೆ, ಅಲ್ಲವೇ?

ನಮ್ಮ ಕನ್ನಡವೇನು ಕಡಿಮೆಯೇ? ‘ಗಂಧದ ಗುಡಿ’ (1973) ಕೊಟ್ಟ ನಿರ್ದೇಶಕ ವಿಜಯ್ ಅವರೇ 1984ರಲ್ಲಿ ಶಂಕರ್‌ನಾಗ್ ಅವರನ್ನು ಹಾಕಿಕೊಂಡು ‘ತಾಳಿಯ ಭಾಗ್ಯ’ ಮಾಡಿದರು. ಮರುವರ್ಷ ಅದೇ ಕಥೆ ಹಿಂದಿಗೆ ಹೋಗಿ, ಜಾಕಿ ಶ್ರಾಫ್ ಅವರ ‘ತೇರಿ ಮೆಹರ್‌ಬಾನಿಯಾಂ’ ಆಯಿತು. ಯಜಮಾನನನ್ನು ಕೊಂದವರ ಮೇಲೆ ನಾಯಿಯೇ ಸೇಡು ತೀರಿಸಿಕೊಳ್ಳುವ ಕಥೆ ಅದು. ಆಮೇಲೆ 2022ರ ಜೂನ್ 10ರಂದು ಬಂತು ನೋಡಿ, ಕಿರಣ್‌ರಾಜ್ ನಿರ್ದೇಶನದ, ರಕ್ಷಿತ್ ಶೆಟ್ಟಿ ಅವರ ‘777 ಚಾರ್ಲಿ’! ಗಡ್ಡ ಬಿಟ್ಟ ಗಂಡಸರೆಲ್ಲ ಕರ್ಚೀಫು ಹುಡುಕಿದರು. ನಾಯಿಗೆ ಮೂಸಿಸೋದಕ್ಕಲ್ಲ, ಕಣ್ಣೊರೆಸಿಕೊಳ್ಳೋದಕ್ಕೆ!

ಆದರೆ ಒಂದು ಗುಟ್ಟು. ಸಿನಿಮಾದಲ್ಲಿ ನಾಯಿ ಕರ್ಚೀಫು ಮೂಸೋದು ಒಂದು ಶಾಟ್. ಓಡೋದು ಇನ್ನೊಂದು ಶಾಟ್. ಬಾಗಿಲು ಕೆರೆಯೋದು ಮತ್ತೊಂದು. ಕ್ಯಾಮೆರಾದ ಪಕ್ಕದಲ್ಲಿ ತರಬೇತುದಾರ ಕೈಯಲ್ಲಿ ತಿಂಡಿ ಹಿಡಿದು ನಿಂತಿರುತ್ತಾನೆ. ನಾಯಿ ಓಡೋದು ಆ ತಿಂಡಿಯ ಕಡೆಗೆ. ಮೂರನ್ನೂ ಅಂಟಿಸಿ ‘ಜಾಡು ಹಿಡಿಯಿತು’ ಅಂತ ನಮಗೆ ತೋರಿಸುವವನು ಎಡಿಟರ್. ನಿಜವಾದ ಮೂಗಿನ ಕೆಲಸದಲ್ಲಿ ಎಡಿಟರ್ ಇರೋದಿಲ್ಲ. ಅಲ್ಲೇ ಇರೋದು ಮಜಾ.

* * *

ಸೆಕೆಂಡ್ ಷೋ ಬಿಟ್ಟ ಮೇಲೆ ಸಿಕ್ಕವನು

ಹಾಸನದಲ್ಲಿ ‘777 ಚಾರ್ಲಿ’ ಸೆಕೆಂಡ್ ಷೋ ಮುಗಿಸಿ, ಮೂಗೊರೆಸಿಕೊಳ್ಳುತ್ತಾ ಬೈಕ್ ತೆಗೆಯಲು ಸ್ಟ್ಯಾಂಡಿಗೆ ಹೋದೆ. ಚಕ್ರದ ಪಕ್ಕದಲ್ಲಿ ಒಂದು ಕರೀ ಮುದ್ದೆ. ಕಂತ್ರಿಮರಿ. ಚಳಿಗೆ ನಡುಗುತ್ತಿತ್ತು. ಬೇರೆ ದಿನವಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದರೆ ಆ ಸಿನಿಮಾ ನೋಡಿಕೊಂಡು ಬಂದವನು ಅದನ್ನು ಅಲ್ಲೇ ಬಿಟ್ಟು ಬರೋದುಂಟೇ? ಅಂಗಿಯೊಳಗೆ ಹಾಕಿಕೊಂಡು ಬಂದೆ. ಕರಿಯ ಅಂತ ಹೆಸರಿಟ್ಟೆ.

ಆರು ತಿಂಗಳಿಗೆ ಕರಿಯ ಬೆಳೆದ. ಜೊತೆಗೆ ದೂರುಗಳೂ ಬೆಳೆದವು. ವಠಾರದ ಚಪ್ಪಲಿಗಳಲ್ಲಿ ಒಂಟಿ ಚಪ್ಪಲಿಗಳೇ ಹೆಚ್ಚಾದವು. ಹಾಲಿನವನಿಗೆ ಬೊಗಳಿದ, ಪೇಪರಿನವನಿಗೆ ಬೊಗಳಿದ, ಕೊನೆಗೆ ಬಾಡಿಗೆ ಕೇಳಲು ಬಂದ ಓನರಿಗೂ ಬೊಗಳಿದ! ಸಂಕ್ರಾಂತಿಯ ಎಳ್ಳು ಬೀರಿದ ಮರುದಿನವೇ ಓನರು ತೀರ್ಪು ಕೊಟ್ಟರು: “ಯುಗಾದಿವರೆಗೂ ಟೈಮು. ಅಷ್ಟರೊಳಗೆ ನಾಯಿ ಸುಮ್ಮನಾಗಬೇಕು. ಇಲ್ಲಾಂದ್ರೆ ನಾಯಿ ಖಾಲಿಯಾಗಬೇಕು. ಎರಡೂ ಆಗದಿದ್ರೆ ಮನೆ ಖಾಲಿಯಾಗಬೇಕು.”

ನಾನು ಬೆಳಿಗ್ಗೆ ಐದು ಕಿಲೋಮೀಟರು ಓಡಿಸಿದೆ. ಏನಾಯಿತು? ಐದು ಕಿಲೋಮೀಟರು ಓಡುವ ಶಕ್ತಿ ಬಂದು ಇನ್ನೂ ಜೋರಾಗಿ ಬೊಗಳತೊಡಗಿದ! ರೇಬೀಸ್ ಚುಚ್ಚುಮದ್ದಿಗೆ ಹೋದಾಗ ಪಶುವೈದ್ಯರ ಮುಂದೆ ಗೋಳು ತೋಡಿಕೊಂಡೆ. ಅವರು ಕರಿಯನ ಕಿವಿ ಸವರುತ್ತಾ ಹೇಳಿದರು: “ಇವನಿಗೆ ಕಾಯಿಲೆ ಇಲ್ಲಪ್ಪ, ಕೆಲಸ ಇಲ್ಲ. ಕಾಲಿಗೆ ಕೆಲಸ ಕೊಟ್ಟಿದ್ದೀಯ, ಮೂಗಿಗೆ ಕೊಟ್ಟಿಲ್ಲ. ಮೂಗಿಗೆ ಕೊಟ್ಟು ನೋಡು.”

* * *

ಮೂಗೆಂದರೆ ಮೂಗು!

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಸುಮಾರು ಐವತ್ತು ಅರವತ್ತು ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು! ಅದು ಮೂಸುವಾಗ ಒಂದು ಸೆಕೆಂಡಿಗೆ ಐದು ಸಲದಷ್ಟು ಉಸಿರು ಎಳೆಯುತ್ತದೆ. ಬಿಡುವ ಉಸಿರು ನಮ್ಮ ಹಾಗೆ ನೇರ ಮುಂದಕ್ಕೆ ಬರೋದಿಲ್ಲ. ಮೂಗಿನ ಹೊಳ್ಳೆಗಳ ಪಕ್ಕದಲ್ಲಿರುವ ಸೀಳುಗಳಿಂದ ಬದಿಗೆ, ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಎದುರಿಗಿರುವ ವಾಸನೆ ಚದುರದೆ ಒಳಗೆ ಬರುತ್ತಲೇ ಇರುತ್ತದೆ. ನಾವು ಅಡುಗೆಮನೆ ಹೊಕ್ಕು ‘ಆಹಾ, ಹುಳಿ!’ ಅಂತೀವಿ. ನಾಯಿಗೆ ಅದು ಹುಳಿಯಲ್ಲ. ಬೇಳೆ ಬೇರೆ, ಹುಣಸೆ ಬೇರೆ, ಇಂಗು ಬೇರೆ, ಸೌಟು ಹಿಡಿದವರ ಕೈ ಬೇರೆ!

ಸಿನಿಮಾದವರು ‘ಗಂಧದ ಗುಡಿ’ ಅಂದಿದ್ದು ನಮ್ಮ ನಾಡಿಗೆ. ನಾಯಿಗೆ ಕೇಳಿದರೆ ಊರ ಕೆರೆ ಏರಿ, ಹಳೇ ಬಸ್‌ಸ್ಟ್ಯಾಂಡು, ಸಂತೆ ಮೈದಾನ ಎಲ್ಲವೂ ಗಂಧದ ಗುಡಿಯೇ! ಅಂಥ ಗುಡಿಯ ಮುಂದೆ ಅದರ ಕುತ್ತಿಗೆಗೆ ಸರಪಳಿ ಹಾಕಿ, “ಏಯ್, ಬಾರೋ, ಎಷ್ಟು ಮೂಸ್ತೀಯ!” ಅಂತ ಎಳೆದುಕೊಂಡು ಹೋಗೋದು ಯಾವ ನ್ಯಾಯ? ಟಿಕೆಟ್ ಕೊಂಡವನನ್ನು ಟೈಟಲ್ ಕಾರ್ಡ್ ಮುಗಿಯುವ ಮುಂಚೆ ಹೊರಗೆ ತಳ್ಳಿದ ಹಾಗೆ ಅಲ್ಲವೇ?

ಈ ಮೂಗಿನ ತಾಕತ್ತನ್ನು ಕರ್ನಾಟಕ ಕಣ್ಣಾರೆ ನೋಡಿದೆ. 2020ರಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ನಾಯಿ ‘ತುಂಗಾ’ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರು ಓಡಿ ಜಾಡು ಹಿಡಿದಳು. ಕಟ್ ಇಲ್ಲ, ರೀಟೇಕ್ ಇಲ್ಲ. ಪೊಲೀಸ್ ಅಧಿಕಾರಿಗಳೇ ಹಾರ ಹಾಕಿ ಸನ್ಮಾನ ಮಾಡಿದರು.

ಪೊಲೀಸ್ ನಾಯಿಗಳ ಈ ವಿದ್ಯೆಯನ್ನು ಮನೆನಾಯಿಗಳಿಗೆ ಆಟವಾಗಿ ಇಳಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಮೂವರು ತರಬೇತುದಾರರು. ಮುಂದೆ ಅದಕ್ಕೊಂದು ಸಂಘವೇ ಹುಟ್ಟಿತು. ಅವರ ಪಂದ್ಯಗಳಲ್ಲಿ ನಾಯಿ ಹುಡುಕಬೇಕಾದ ವಾಸನೆ ಮೂರು. ಬರ್ಚ್ ಮರದ ಎಣ್ಣೆ, ಆನಿಸ್ ಎಂಬ ಸೋಂಪಿನಂಥ ಕಾಳು, ಮೂರನೆಯದು... ಊಹಿಸಿ? ನಮ್ಮ ಅಡುಗೆಮನೆಯ ಲವಂಗ! ಬರ್ಚ್ ಮರಕ್ಕೆ ನಾವೆಲ್ಲಿಗೆ ಹೋಗೋಣ? ಲವಂಗ ಸಾಕು ಗುರುವೇ!

ಆಟದಿಂದ ನಾಯಿಗೆ ಏನು ಲಾಭ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡುರಾಂಟನ್ ಮತ್ತು ಹೊರೊವಿಟ್ಸ್ ಎಂಬ ಇಬ್ಬರು ವಿಜ್ಞಾನಿಗಳು 20 ಸಾಕುನಾಯಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವಾರ ಮೂಗಿನ ಆಟ. ಇನ್ನೊಂದಕ್ಕೆ ಎರಡು ವಾರ ಯಜಮಾನನ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಪಾಠ. ಆಮೇಲೆ ಒಂದು ಪರೀಕ್ಷೆ. ಬಟ್ಟಲಿನಲ್ಲಿ ತಿಂಡಿ ಇದೆಯೋ ಇಲ್ಲವೋ ಗೊತ್ತಿಲ್ಲ. ಯಾರು ಬೇಗ ಹೋಗಿ ನೋಡುತ್ತಾರೆ? ಮೂಗಿನ ಆಟ ಆಡಿದ ನಾಯಿಗಳೇ ಮೊದಲಿಗಿಂತ ಚುರುಕಾಗಿ ಹೋದವು. ಅಂದರೆ ‘ಏನೋ ಒಳ್ಳೇದು ಸಿಗುತ್ತೆ’ ಎಂಬ ನಂಬಿಕೆ ಅವುಗಳಲ್ಲಿ ಹೆಚ್ಚಿತ್ತು.

* * *

ಮೊದಲ ರೀಲು: ನಾಲ್ಕು ರಟ್ಟಿನ ಡಬ್ಬ

ಹೊರಗಡೆ ಶೂಟಿಂಗ್ ಮಾಡುವ ಮುಂಚೆ ಒಳಾಂಗಣದಲ್ಲಿ ರಿಹರ್ಸಲ್ ಬೇಕು. ನಾಲ್ಕು ಖಾಲಿ ರಟ್ಟಿನ ಡಬ್ಬಗಳನ್ನು ಹಜಾರದಲ್ಲಿ ಇಡಿ. ಒಂದರಲ್ಲಿ ಬೇಯಿಸಿದ ಕೋಳಿಯ ಚೂರು. ಸಸ್ಯಾಹಾರಿಗಳ ಮನೆಯಾದರೆ ಪನೀರು. ನಾಯಿಯನ್ನು ಬಿಟ್ಟು “ಹುಡುಕು!” ಅನ್ನಿ. ಒಂದೇ ಮಾತು, ಒಂದೇ ಸಲ. ಆಮೇಲೆ ಬಾಯಿ ಮುಚ್ಚಿ. ತೋರಿಸಬೇಡಿ, ಕಣ್ಸನ್ನೆ ಮಾಡಬೇಡಿ. ಸಿಕ್ಕ ಕೂಡಲೇ ಅದೇ ಡಬ್ಬದೊಳಗೆ ಇನ್ನೂ ಎರಡು ಚೂರು ಹಾಕಿ. ಬಹುಮಾನ ವಾಸನೆ ಇರುವಲ್ಲೇ ಸಿಗಬೇಕು, ನಿಮ್ಮ ಜೇಬಿನ ಹತ್ತಿರ ಅಲ್ಲ.

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮೂಸೋದು ನಾಯಿಗೆ ಸಣ್ಣ ಕೆಲಸವಲ್ಲ. ಕರಿಯ ಮೊದಲ ದಿನ ಆರು ಸುತ್ತು ಆಡಿ ಅಲ್ಲೇ ಕಂಬಳಿಯ ಮೇಲೆ ಬಿದ್ದುಕೊಂಡ. ಪೇಪರಿನವನು ಬಂದ, ಹೋದ. ಇವನು ಒಂದು ಕಿವಿ ಎತ್ತಿದ, ಇಳಿಸಿದ. ನನಗೆ ನಂಬಿಕೆಯೇ ಬರಲಿಲ್ಲ!

* * *

ಎರಡನೇ ರೀಲು: ಲವಂಗದ ಪ್ರವೇಶ

ಒಂದು ಪುಟ್ಟ ತಗಡಿನ ಡಬ್ಬಿ. ಮುಚ್ಚಳಕ್ಕೆ ಮೊಳೆಯಲ್ಲಿ ನಾಲ್ಕೈದು ತೂತು. ಒಳಗೆ ಲವಂಗದ ಜೊತೆ ಎರಡು ದಿನ ಸೀಸೆಯಲ್ಲಿಟ್ಟಿದ್ದ ಹತ್ತಿಯ ತುಣುಕು. ನಾಯಿ ಲವಂಗ ನುಂಗಬಾರದು. ಲವಂಗದ ಎಣ್ಣೆಯನ್ನಂತೂ ಅದರ ಮೂಗಿಗೆ, ಮೈಗೆ ಸೋಕಿಸಲೇಬಾರದು, ಉರಿಯುತ್ತದೆ. ಅದಕ್ಕೇ ಡಬ್ಬಿ ಭದ್ರವಾಗಿ ಮುಚ್ಚಿರಬೇಕು.

ಮೊದಲು ಡಬ್ಬಿಯ ಪಕ್ಕದಲ್ಲೇ ತಿಂಡಿ ಇಟ್ಟು ಹುಡುಕಿಸಿ. ಕೆಲವು ದಿನ ಕಳೆದ ಮೇಲೆ ತಿಂಡಿ ತೆಗೆದು ಬರೀ ಲವಂಗದ ಡಬ್ಬಿ ಇಡಿ. ನಾಯಿ ಅದನ್ನು ಮೂಸಿದ ಕ್ಷಣಕ್ಕೆ ಬಹುಮಾನ. ‘ಈ ವಾಸನೆ ಸಿಕ್ಕರೆ ಊಟ ಸಿಕ್ಕ ಹಾಗೆ’ ಅಂತ ಅದರ ತಲೆಯಲ್ಲಿ ಕೂತರೆ ಅರ್ಧ ಪಿಕ್ಚರ್ ಮುಗಿದ ಹಾಗೆ.

ಇಲ್ಲಿ ನನ್ನದೊಂದು ಕಾಮಿಡಿ ಟ್ರ್ಯಾಕ್. ನಾನು ಬಳಸಿದ್ದು ತಲೆನೋವಿನ ಮುಲಾಮಿನ ಹಳೇ ಡಬ್ಬಿ. ಚೆನ್ನಾಗಿಯೇ ತೊಳೆದಿದ್ದೆ ಅಂದುಕೊಂಡಿದ್ದೆ. ಮೊದಲ ಸಲ ಪಾರ್ಕಿಗೆ ಕರೆದುಕೊಂಡು ಹೋಗಿ “ಹುಡುಕು!” ಅಂದೆ. ಕರಿಯ ಗಾಳಿಯಲ್ಲಿ ಮೂಗೆತ್ತಿದ. ಕಲ್ಲುಬೆಂಚಿನ ಮೇಲೆ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಅಜ್ಜನ ಹತ್ತಿರ ನೇರವಾಗಿ ಹೋಗಿ, ಮುಂಗಾಲೆರಡನ್ನೂ ಅವರ ತೊಡೆಯ ಮೇಲಿಟ್ಟು, ಹಣೆಗೆ ಮೂಗು ಚಾಚಿದ! ಅಜ್ಜ “ಶಿವಶಿವಾ” ಎಂದು ಎದ್ದು ನಿಂತರು. ಆಮೇಲೆ ವಿಷಯ ತಿಳಿದು ನಕ್ಕರು. ತಪ್ಪು ಕರಿಯನದಲ್ಲ. ನಾನು ಕಲಿಸಿದ್ದು ಲವಂಗವನ್ನಲ್ಲ, ಮುಲಾಮನ್ನು! ಆ ಡಬ್ಬಿಯನ್ನು ಎಸೆದು, ಹೊಸ ಡಬ್ಬಿ ತಂದು, ಬಿಸಿನೀರಿನಲ್ಲಿ ಕುದಿಸಿ, ಮತ್ತೆ ಮೊದಲಿಂದ ಶುರು ಮಾಡಿದೆ. ಯುಗಾದಿಗೆ ಉಳಿದಿದ್ದು ಐದೇ ವಾರ.

* * *

ಔಟ್‌ಡೋರ್ ಶೂಟಿಂಗ್

ಮನೆಯೊಳಗಿನ ಆಟ ಸ್ಟುಡಿಯೋ ಸೆಟ್ ಇದ್ದ ಹಾಗೆ. ಹೊರಗೆ ಬಂದರೆ ಡೈರೆಕ್ಟರ್ ನೀವಲ್ಲ, ಗಾಳಿ!

ಅಗರಬತ್ತಿಯ ಹೊಗೆ ನೋಡಿದ್ದೀರಲ್ಲ? ಹಚ್ಚಿದ ಕಡೆ ಸಣ್ಣ ಗೆರೆ, ದೂರ ಹೋದಷ್ಟೂ ಅಗಲ. ಲವಂಗದ ವಾಸನೆಯೂ ಹಾಗೆಯೇ ಹರಡುತ್ತದೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೇ. ನಾಯಿ ಆ ವಾಸನೆಯ ಅಂಚಿಗೆ ಸಿಕ್ಕ ಕೂಡಲೇ ಅದರ ತಲೆ ತಟ್ಟನೆ ತಿರುಗುತ್ತದೆ. ಎಡಕ್ಕೆ ಹೋಗಿ ಅಂಚು ದಾಟುತ್ತದೆ, ಬಲಕ್ಕೆ ಬರುತ್ತದೆ. ಹೀಗೆ ಹಾವಿನ ನಡೆಯಲ್ಲಿ ಮುಂದೆ ಹೋದಂತೆ ಸುತ್ತಾಟ ಚಿಕ್ಕದಾಗುತ್ತದೆ, ಬಾಲ ಬಿರುಸಾಗುತ್ತದೆ, ಉಸಿರಿನ ಸದ್ದು ಬದಲಾಗುತ್ತದೆ. ಕೊನೆಗೆ... ಸ್ತಬ್ಧ! ಕರಿಯನ ಗುರುತು ಅದು. ಮೂಗನ್ನು ಡಬ್ಬಿಗೆ ಅಂಟಿಸಿ ಕಲ್ಲಿನ ಬಸವನ ಹಾಗೆ ನಿಂತುಬಿಡುತ್ತಾನೆ. ನಾನು ಕಲಿಸಿದ್ದಲ್ಲ, ಅವನದೇ ಸ್ಟೈಲು!

ನೀವು ಮಾಡಬೇಕಾದ್ದಿಷ್ಟು. ಚಿಟಿಕೆ ಒಣಮಣ್ಣು ಬಿಟ್ಟು ಗಾಳಿ ಯಾವ ಕಡೆಯಿಂದ ಎಂದು ನೋಡಿ. ಡಬ್ಬಿ ಇಟ್ಟ ಕಡೆಯಿಂದ ಗಾಳಿ ನಾಯಿಯ ಮುಖಕ್ಕೆ ಬರುವಂತೆ ಆಟ ಶುರುಮಾಡಿ. ಡಬ್ಬಿ ಇಟ್ಟ ಮೇಲೆ ಹತ್ತು ಹದಿನೈದು ನಿಮಿಷ ಬಿಡಿ, ವಾಸನೆ ಹರಡಲಿ. ಮೊದಲು ಹತ್ತಡಿ ಜಾಗ, ಆಮೇಲೆ ಇಪ್ಪತ್ತಡಿ, ಆಮೇಲೆ ತೋಪು. ಮೊದಲು ನೆಲದ ಮಟ್ಟ, ಆಮೇಲೆ ಮೊಣಕಾಲೆತ್ತರ. ಬೆಳಗಿನ ತಂಪಿನಲ್ಲಿ ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಬಿಸಿಲೇರಿದರೆ ಗಾಳಿಯ ಜೊತೆ ಮೇಲಕ್ಕೆ ಹೋಗುತ್ತದೆ. ಗೋಡೆಯ ಬುಡ, ಮರದ ಬೇರು, ಚರಂಡಿಯ ತಗ್ಗುಗಳಲ್ಲಿ ವಾಸನೆ ಬಂದು ನಿಲ್ಲುತ್ತದೆ. ನಾಯಿ ಡಬ್ಬಿಯಿಲ್ಲದ ಕಡೆ ಸುಳಿದಾಡಿದರೆ ‘ತಪ್ಪು’ ಅಂತ ಗದರಬೇಡಿ. ಗಾಳಿ ಅಲ್ಲಿಗೂ ಸುದ್ದಿ ಮುಟ್ಟಿಸಿರುತ್ತದೆ.

ಇನ್ನೊಂದು ಸೂಕ್ಷ್ಮ. ನೀವು ನೇರ ನಡೆದು ಹೋಗಿ ಡಬ್ಬಿ ಇಟ್ಟು ಬಂದರೆ, ನಾಯಿ ಲವಂಗವನ್ನು ಬಿಟ್ಟು ನಿಮ್ಮ ಹೆಜ್ಜೆಯ ವಾಸನೆ ಹಿಡಿದು ಹೋಗುತ್ತದೆ. ಅದು ಕಾಪಿ ಹೊಡೆದ ಹಾಗೆ! ಮೈದಾನದ ತುಂಬಾ ಓಡಾಡಿ, ಹತ್ತು ಕಲ್ಲು ಮುಟ್ಟಿ. ಡಬ್ಬಿಯನ್ನು ಮಾತ್ರ ಚಿಮಟದಲ್ಲಿ ಹಿಡಿದು ಇಡಿ.

* * *

ವಿಲನ್ ಯಾರು?

ಈಗ ಇಂಟರ್‌ವಲ್ ಮುಗಿಯಿತು. ಹೇಳಬೇಕಾದ ಮಾತು ಹೇಳಿಬಿಡುತ್ತೇನೆ.

ಮೂರನೇ ವಾರ ಕರಿಯ ತೋಪಿನಲ್ಲಿ ಸೊಗಸಾಗಿ ಆಡುತ್ತಿದ್ದ. ನನಗೆ ಗರ್ವ ಬಂತು. ಒಬ್ಬ ಗೆಳೆಯನಿಗೆ ಡಬ್ಬಿ ಕೊಟ್ಟು “ನೀನು ಬಚ್ಚಿಡು, ನಾನು ಹಿಂದೆ ತಿರುಗಿ ನಿಲ್ತೀನಿ” ಅಂದೆ. ತಿರುಗಿ ನಿಂತೆ. ಆದರೆ ಕಿವಿ ತೆರೆದಿತ್ತಲ್ಲ! ಕಲ್ಲಿನ ರಾಶಿಯ ಕಡೆ ಕಲ್ಲು ಸರಿಸಿದ ಸದ್ದು ಕೇಳಿತು. ‘ಓಹೋ, ಅಲ್ಲಿಟ್ಟಿದ್ದಾನೆ’ ಅಂತ ನಿರ್ಧಾರ ಮಾಡಿಬಿಟ್ಟೆ.

“ಹುಡುಕು!” ಕರಿಯ ಹುಣಸೆಮರದ ಕಡೆಗೆ ಎಳೆದ. ನಾನು ಹಗ್ಗ ಜಗ್ಗಿ ಕಲ್ಲಿನ ರಾಶಿಯ ಕಡೆ ತಂದೆ. ಅವನು ಮತ್ತೆ ಹುಣಸೆಮರಕ್ಕೆ ಎಳೆದ. ನಾನು ಮತ್ತೆ ಜಗ್ಗಿದೆ. “ಲೋ ಪೆದ್ದ, ಇಲ್ಲಿ ನೋಡೋ!” ಎಂದು ಗದರಿದೆ. ಮೂರನೇ ಸಲ ಅವನು ಎಳೆಯಲಿಲ್ಲ. ನನ್ನ ಮುಖ ನೋಡಿದ. ನಿಧಾನವಾಗಿ ಬಂದು ಕಲ್ಲಿನ ರಾಶಿಯ ಮುಂದೆ ಸ್ತಬ್ಧನಾಗಿ ನಿಂತ. ನಾನು ಖುಷಿಯಿಂದ ಕಲ್ಲೆತ್ತಿದೆ. ಏನೂ ಇಲ್ಲ!

ಗೆಳೆಯ ನಗುತ್ತಾ ಹೋಗಿ ಹುಣಸೆಯ ಬೇರಿನ ಸಂದಿಯಿಂದ ಡಬ್ಬಿ ತೆಗೆದ. ಕಲ್ಲು ಸರಿಸಿದ್ದು ನನಗೆ ಟೋಪಿ ಹಾಕಲು ಅಂತೆ!

ನಾನು ನಗಲಿಲ್ಲ. ಮರುದಿನ ಕರಿಯನನ್ನು ತೋಪಿಗೆ ಬಿಟ್ಟು “ಹುಡುಕು” ಅಂದೆ. ಅವನು ನೆಲ ಮೂಸಲೇ ಇಲ್ಲ. ನನ್ನೆದುರು ಕೂತು ನನ್ನ ಕಣ್ಣನ್ನೇ ನೋಡಿದ. ‘ನೀನೇ ಹೇಳು, ಎಲ್ಲಿಗೆ ಹೋಗಲಿ?’ ಅನ್ನುವ ಹಾಗೆ. ಅದರ ಮರುದಿನವೂ ಹಾಗೆಯೇ. ಆ ರಾತ್ರಿ ಹಾಲಿನವನ ಸೈಕಲ್ಲಿಗೆ ಕಾಯುವವನಂತೆ ಬಾಗಿಲಲ್ಲಿ ಕೂತು ಮತ್ತೆ ಬೊಗಳಲು ಶುರು ಮಾಡಿದ.

ಮಿತ್ರರೇ, 20 ಕೋಟಿಯ ಮೂಗಿರುವ ಪ್ರಾಣಿ, ತನ್ನ ಮೂಗನ್ನು ಬಿಟ್ಟು ನನ್ನ ಮಾತನ್ನು ನಂಬಿತು. ಏನೂ ಗೊತ್ತಿಲ್ಲದ ನನ್ನ ಮಾತನ್ನು! ಈ ಕಥೆಯ ವಿಲನ್ ಓನರ್ ಅಲ್ಲ, ನಾನು.

ಇದು ನನ್ನೊಬ್ಬನ ಪೆದ್ದುತನವಲ್ಲ ಅಂತ ಆಮೇಲೆ ಓದಿ ತಿಳಿದೆ. ನೂರು ವರ್ಷಕ್ಕೂ ಹಿಂದೆ ಜರ್ಮನಿಯ ಬರ್ಲಿನ್ ನಗರದಲ್ಲಿ ‘ಹ್ಯಾನ್ಸ್’ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ಜನ ಮುಗಿಬಿದ್ದಿದ್ದರು. ನಾಲ್ಕಕ್ಕೆ ಮೂರು ಕೂಡಿಸು ಅಂದರೆ ಏಳು ಸಲ ಗೊರಸು ಬಡಿಯುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನಃಶಾಸ್ತ್ರಜ್ಞ ಗುಟ್ಟು ರಟ್ಟು ಮಾಡಿದ. ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ. ಪ್ರಶ್ನೆ ಕೇಳಿದವನಿಗೆ ಗೊತ್ತಿಲ್ಲದ ಹಾಗೆ ಅವನ ತಲೆ, ಮೈ ಕೊಂಚ ಅಲುಗಿದ್ದನ್ನು ನೋಡಿ ಬಡಿಯೋದನ್ನು ನಿಲ್ಲಿಸುತ್ತಿತ್ತು, ಅಷ್ಟೇ!

ನುರಿತವರ ಕಥೆಯೂ ಇದೇ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಪತ್ತೆ ಕೆಲಸದ 18 ನಾಯಿಗಳನ್ನೂ ಅವುಗಳ ಹ್ಯಾಂಡ್ಲರ್‌ಗಳನ್ನೂ ಒಂದು ಚರ್ಚಿನ ಕೋಣೆಗಳಿಗೆ ಬಿಟ್ಟರು. “ವಾಸನೆಯ ವಸ್ತು ಇಟ್ಟಿರಬಹುದು, ಕೆಂಪು ಕಾಗದದ ಗುರುತೂ ಇರಬಹುದು” ಎಂದು ಮನುಷ್ಯರಿಗೆ ಹೇಳಿದ್ದರು. ನಿಜದಲ್ಲಿ ಎಲ್ಲೂ ಏನೂ ಇಟ್ಟಿರಲಿಲ್ಲ! ಆದರೂ 144 ಸುತ್ತುಗಳಲ್ಲಿ 123ರಲ್ಲಿ ‘ನಾಯಿ ತೋರಿಸಿತು’ ಎಂಬ ವರದಿ ಬಂತು. ಬರೀ 21 ಸುತ್ತು ಮಾತ್ರ ಸರಿ. ಮನುಷ್ಯನ ಮನಸ್ಸಿನಲ್ಲಿದ್ದದ್ದು ಹಗ್ಗದಲ್ಲಿ ಇಳಿದು ನಾಯಿಗೆ ತಲುಪಿತೋ, ನಾಯಿ ಸುಮ್ಮನೆ ನಿಂತಿದ್ದನ್ನೇ ಮನುಷ್ಯ ಸೂಚನೆ ಅಂದುಕೊಂಡನೋ, ಎರಡರಲ್ಲೂ ದಾರಿ ತಪ್ಪಿಸಿದ್ದು ಮನುಷ್ಯನ ನಂಬಿಕೆಯೇ.

ನಾನು ಪ್ರಾಯಶ್ಚಿತ್ತ ಮಾಡಿದೆ. ತೋಪು ಬಿಟ್ಟು ಮತ್ತೆ ಹಜಾರಕ್ಕೆ, ರಟ್ಟಿನ ಡಬ್ಬಕ್ಕೆ, ಕೋಳಿ ಚೂರಿಗೆ. ನಾನು ಗೋಡೆಗೆ ಒರಗಿ ಚಾವಣಿ ನೋಡುತ್ತಾ ನಿಲ್ಲುತ್ತಿದ್ದೆ. ನಾಲ್ಕನೇ ದಿನ ಕರಿಯ ನನ್ನ ಮುಖ ನೋಡೋದನ್ನು ಬಿಟ್ಟ. ಆರನೇ ದಿನ ತೋಪಿನಲ್ಲಿ ಹಗ್ಗ ಬಿಗಿಯಾಯಿತು. ಅವನು ಎಳೆದ, ನಾನು ಹಿಂದೆ ಓಡಿದೆ. ಯಾವ ಕಡೆಗೆ ಅಂತ ಕೇಳಲಿಲ್ಲ. ಬೇಲಿಯ ಬುಡದಲ್ಲಿ ಕಲ್ಲಿನ ಬಸವನಾಗಿ ನಿಂತ. ಡಬ್ಬಿ ಅಲ್ಲೇ ಇತ್ತು. ಹೇಳಿದರೆ ನಗುತ್ತೀರಿ, ನನಗೆ ‘777 ಚಾರ್ಲಿ’ಗಿಂತ ಜಾಸ್ತಿ ಅಳು ಬಂದದ್ದು ಆಗ.

* * *

ಸ್ಟಂಟ್ ಮಾಡುವ ಮುಂಚೆ

ಹುಮ್ಮಸ್ಸಿನಲ್ಲಿ ಈಗಲೇ ಓಡಬೇಡಿ. ಒಂದೆರಡು ಎಚ್ಚರಿಕೆ.

ರೇಬೀಸ್ ಲಸಿಕೆ ವರ್ಷ ವರ್ಷ ತಪ್ಪಬಾರದು. ಆ ಕಾಯಿಲೆ ಲಕ್ಷಣ ತೋರಿಸಿದ ಮೇಲೆ ಔಷಧವಿಲ್ಲ, ನಾಯಿಗೂ ಇಲ್ಲ, ನಮಗೂ ಇಲ್ಲ. ಹುತ್ತ, ಕಲ್ಲಿನ ಪೊಟರೆ, ಒಣಹುಲ್ಲಿನ ಮೆದೆಗಳಲ್ಲಿ ಡಬ್ಬಿ ಇಡಬೇಡಿ. ಅಲ್ಲಿ ಮೊದಲೇ ಬೇರೆಯವರ ವಾಸ ಇರುತ್ತೆ! ಇಲಿಪಾಷಾಣ ಇಟ್ಟ ಕಡೆ, ಗಾಜಿನ ಚೂರಿನ ಕಡೆ, ಕರೆಂಟ್ ಕಂಬದ ಹತ್ತಿರ ಬೇಡವೇ ಬೇಡ. ಕಾಡಂಚಿನ ಹೊಲಗಳಲ್ಲಿ ಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆಗೆ ಬಾಯಿ ಹಾಕಿ ಸತ್ತ ನಾಯಿಗಳುಂಟು. ಗೊತ್ತಿಲ್ಲದ ಜಾಗದಲ್ಲಿ ಆಟ ಆಡಿಸಬೇಡಿ.

ಕುತ್ತಿಗೆ ಪಟ್ಟಿಗಿಂತ ಎದೆಪಟ್ಟಿ ಒಳ್ಳೇದು. ಹಗ್ಗ ಹದಿನೈದು ಅಡಿಯಾದರೂ ಇರಲಿ. ಬಿಸಿಲಿನಲ್ಲಿ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದರೆ ಸರಿಯಾಗಿ ಮೂಸಲಾರದು. ನೆರಳು, ನೀರು, ಪ್ಯಾಕಪ್! ಚಪ್ಪಟೆ ಮೂಗಿನ ಪಗ್ ಜಾತಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಬಹುಮಾನಕ್ಕೆ ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಹಾಕಿದ ತಿಂಡಿ ಕೊಡಬೇಡಿ. ಅವು ನಾಯಿಗೆ ವಿಷ.

ಸಿನಿಮಾ ನೋಡಿ ಲ್ಯಾಬ್ರಡಾರೇ ಬೇಕು ಅಂತ ಸಾಲ ಮಾಡಬೇಡಿ. ಈ ಆಟಕ್ಕೆ ಜಾತಿಯಿಲ್ಲ. ಕಣ್ಣಿನ ಬೇಟೆಗೆ ಹೆಸರಾದ ನಮ್ಮ ಮುಧೋಳ ನಾಯಿಯೂ ಆಡುತ್ತೆ, ಬೀದಿಬದಿಯ ಕಂತ್ರಿಯೂ ಆಡುತ್ತೆ. ವಯಸ್ಸಾಗಿ ಕಣ್ಣು ಮಂಜಾದ ನಾಯಿಯೂ ಆಡುತ್ತೆ. ಪ್ರತಿ ದಿನದ ಆಟ ಮಾತ್ರ ಗೆಲುವಿನಲ್ಲೇ ಮುಗಿಯಬೇಕು. ಸೋತು ಸುಸ್ತಾದರೆ ಒಂದು ಸುಲಭದ ಡಬ್ಬಿ ಇಟ್ಟು ಗೆಲ್ಲಿಸಿ ಮನೆಗೆ ಕರೆತನ್ನಿ.

* * *

ಕ್ಲೈಮ್ಯಾಕ್ಸ್

ಯುಗಾದಿಗೆ ಎರಡು ದಿನ ಇತ್ತು. ಸಂಜೆ ವಠಾರದಲ್ಲಿ ಗದ್ದಲ. ಓನರಿನ ಬೀಗದ ಕೈ ಗೊಂಚಲು ಕಳೆದಿದೆ! ಹಿತ್ತಲಿನ ಹುಲ್ಲಿನಲ್ಲಿ ಎಲ್ಲೋ ಬಿದ್ದಿದೆ. ಎಲ್ಲರ ಕಣ್ಣೂ ನನ್ನ ಮೇಲೆ, ಕರಿಯನ ಮೇಲೆ. ಯಾರೋ ಒಬ್ಬರು ಓನರಿನ ಟವೆಲ್ಲನ್ನೇ ತಂದು ಕೈಗೆ ಕೊಟ್ಟರು. “ಮೂಸಿಸಿ ಬಿಡಿ ಸಾರ್, ಸಿನಿಮಾದಲ್ಲಿ ಮಾಡ್ತಾರಲ್ಲ!”

ಪಿಕ್ಚರ್ ಆಗಿದ್ದರೆ ಕರಿಯ ಬೀಗದ ಕೈ ಕಚ್ಚಿಕೊಂಡು ಬಂದು ಓನರಿನ ಪಾದದ ಬಳಿ ಇಡಬೇಕಿತ್ತು. ಹಿನ್ನೆಲೆಯಲ್ಲಿ ನೂರು ಪಿಟೀಲು ಮೊಳಗಬೇಕಿತ್ತು. ನನ್ನ ಎದೆಯೂ ಹಾಗೇ ಹೊಡೆದುಕೊಂಡಿತು. ಆದರೂ ಹೇಳಿದೆ: “ಸಾರ್, ಇವನಿಗೆ ಲವಂಗ ಗೊತ್ತು. ಬೀಗದ ಕೈ ನಾನು ಕಲಿಸಿಲ್ಲ. ಕಲಿಸದಿದ್ದನ್ನು ಮಾಡು ಅಂತ ಇವನಿಗೆ ಹೇಳಲಾರೆ.” ಜನ ನಕ್ಕರು. “ಲವಂಗದ ನಾಯಿ!” ಎಂದು ಹುಡುಗರು ಕೂಗಿದರು. ನಾನೂ ಟಾರ್ಚ್ ಹಿಡಿದು ಮಂಡಿಯೂರಿ ಹುಲ್ಲಿನಲ್ಲಿ ತಡಕಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಗೊಂಚಲು ನನ್ನ ಕೈಗೇ ಸಿಕ್ಕಿತು.

ಗೊಂಚಲು ತೆಗೆದುಕೊಂಡ ಓನರು ಹೋಗಲಿಲ್ಲ. ಮೆಟ್ಟಿಲ ಕಡೆ ನೋಡುತ್ತಾ ನಿಂತರು. ಇಷ್ಟೆಲ್ಲಾ ಗದ್ದಲ, ಟಾರ್ಚು, ಇಪ್ಪತ್ತು ಜನರ ಓಡಾಟದ ನಡುವೆ ಕರಿಯ ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿದ್ದ. ಅವನ ಮೂಗಿನಿಂದ ಒಂದಡಿ ದೂರದಲ್ಲಿ ಓನರಿನ ಚಪ್ಪಲಿ. ಎರಡೂ ಇದ್ದವು, ಎರಡೂ ಹಾಗೇ ಇದ್ದವು!

“ಏನ್ರೀ, ಬೊಗಳಲೇ ಇಲ್ಲ?” ಅಂದರು.

“ಬೆಳಿಗ್ಗೆ ಅವನ ಡ್ಯೂಟಿ ಮುಗೀತು ಸಾರ್. ಸುಸ್ತಾಗಿದೆ.”

ಓನರು ಚಪ್ಪಲಿ ಮೆಟ್ಟಿಕೊಂಡರು. ಎರಡು ಹೆಜ್ಜೆ ಹೋಗಿ ನಿಂತರು. “ನಮ್ಮ ಮೊಮ್ಮಗನಿಗೆ ರಜಾ. ಆ ಡಬ್ಬಿ ಬಚ್ಚಿಡೋ ಕೆಲಸ ಅವನಿಗೆ ಕೊಡಿ. ಮನೇಲಿ ಕೂತು ನಮ್ಮ ತಲೆ ತಿಂತಾನೆ” ಅಂದರು. ಮನೆ ಖಾಲಿ ಮಾಡುವ ಮಾತು ಯುಗಾದಿಗೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಹಬ್ಬದ ಬೆಳಿಗ್ಗೆ ಆ ಹುಡುಗನೇ ಡಬ್ಬಿ ಬಚ್ಚಿಟ್ಟ. ಎಲ್ಲಿ ಅಂತ ನಾನು ಕೇಳಲಿಲ್ಲ. ಹಗ್ಗ ಸಡಿಲ ಬಿಟ್ಟು ಒಂದೇ ಮಾತು ಹೇಳಿದೆ. ಕರಿಯ ಮೂಗೆತ್ತಿದ. ಮಾವಿನ ಹೂವು, ಬೇವಿನ ಹೂವು, ಹೋಳಿಗೆಯ ಬೆಲ್ಲ, ಹೊಸ ಬಟ್ಟೆ, ಪಟಾಕಿಯ ಹೊಗೆ... ಇಷ್ಟರ ನಡುವೆ ಎಲ್ಲೋ ಒಂದು ಲವಂಗ. ನನಗೇನೂ ತಿಳಿಯದು. ಅವನಿಗೆ ತಿಳಿಯುತ್ತೆ. ಅವನು ಮುಂದೆ, ನಾನು ಹಿಂದೆ.

ಇಷ್ಟು ವರ್ಷ ಹೀರೋಗಳ ಹಿಂದೆ ಓಡಿದವನು ನಾನು. ಹೀರೋ ನಮ್ಮನೆಯಲ್ಲೇ ಇದ್ದ, ಹಗ್ಗದ ಆ ತುದಿಯಲ್ಲಿ.

ಶುಭಂ!